ಕವಂದಿ ಕಡಲಾಚೆ ಹೋಗಬೇಕೆ?



ನಿಮ್ಮ ಮನೆಯ ಅಟ್ಟದ ಮೇಲೋ ಹಳೆಯ ಪೆಟ್ಟಿಗೆಯ ತಳದಲ್ಲೋ ಒಂದು ಕೌದಿ ಇರಬಹುದು. ಇದ್ದರೆ ಅದನ್ನೊಮ್ಮೆ ಹೊರತೆಗೆದು ಬಿಸಿಲಿಗೆ ಹರಡಿ ನೋಡಿ. ಒಂದು ತೇಪೆ ಅಜ್ಜಿಯ ಸೀರೆಯದು, ಇನ್ನೊಂದು ಅಪ್ಪನ ಅಂಗಿಯದು, ಮೂಲೆಯಲ್ಲಿರುವ ಹೂವಿನ ಬಟ್ಟೆ ತಂಗಿಯ ಲಂಗದ್ದು. ಅದನ್ನು ಹೊಲಿದ ಕೈಗಳು ಇಂದು ಸಮಾಧಿಯಲ್ಲಿ ವಿಶ್ರಮಿಸುತ್ತಿರಬಹುದು. ಹೊಲಿಗೆ ಮಾತ್ರ ಹಾಗೆಯೇ ಉಳಿದಿದೆ. ಈ ಕೌದಿಗೆ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುವಿರಿ?

ಹಳಿಯಾಳ ತಾಲೂಕಿನ ಒಂದು ಸಿದ್ದಿ ಕುಟುಂಬಕ್ಕೆ ಈ ಪ್ರಶ್ನೆ ನಿಜವಾಗಿಯೂ ಎದುರಾದುದನ್ನು ನಾನು ಹತ್ತಿರದಿಂದ ಕಂಡೆ. ಆ ಮನೆತನದಲ್ಲಿ ತಾಯಿ, ಆಕೆಯ ಇಬ್ಬರು ತಂಗಿಯರು, ಸೊಸೆ ಹಾಗೂ ಮಗಳು, ಹೀಗೆ ಐವರು ಹೆಂಗಸರು ಕವಂದಿ ಹೊಲಿಯುತ್ತಾರೆ. ನಾವು ಕೌದಿ ಎನ್ನುವುದನ್ನೇ ಸಿದ್ದಿಗಳು ತಮ್ಮ ಕೊಂಕಣಿಯಲ್ಲಿ ಕವಂದಿ ಎನ್ನುತ್ತಾರೆ. ಒಬ್ಬ ಮಧ್ಯವರ್ತಿಯ ಮೂಲಕ ಹೊರದೇಶದ ಅಂಗಡಿಯೊಂದು ಆ ಮನೆಗೆ 60 ಕವಂದಿಗಳ ಬೇಡಿಕೆ ಕಳುಹಿಸಿತ್ತು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣಗಳ ಜೋಡಣೆ, ಬಟ್ಟೆ ಹೊಸದು, ಅವಧಿ ನಾಲ್ಕು ತಿಂಗಳು. ಮಗಳಿಗೆ ಇದು ದೇವರೇ ತೆರೆದ ಬಾಗಿಲಾಗಿ ಕಂಡಿತು. ಅವಳಿಗೆ ನರ್ಸಿಂಗ್ ಓದುವ ಆಸೆ. ಮುಂದಿನ ವರ್ಷದ ಶುಲ್ಕ ಈ ಹಣದಿಂದಲೇ ಆಗಬೇಕಿತ್ತು. ತಾಯಿ ಮಾತ್ರ ಸುಮ್ಮನಿದ್ದರು. ನಾನು ಆ ಅಂಗಳದಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದಾಗ ಅವರು ಮೆಲ್ಲನೆ ಹೇಳಿದರು: "ಫಾದರ್, ಅರವತ್ತೂ ಒಂದೇ ನಮೂನಿ ಬೇಕಂತಾರ. ಒಂದೇ ನಮೂನಿ ಎರಡು ಹೊಲಿಯೋದು ನನಗ ಬರೂದಿಲ್ಲರೀ."

ತಾಯಿಯ ಆ ಮಾತಿನಲ್ಲಿ ಹೆಮ್ಮೆಯಿರಲಿಲ್ಲ, ಸಂಕೋಚವಿತ್ತು. ತನಗೆ ಏನೋ ಕಡಿಮೆ ಇದೆ ಎಂಬಂತೆ ಅವರು ಹೇಳಿದ್ದರು. ನಾನು ಅಂದು ಯಾವ ಸಲಹೆಯನ್ನೂ ಕೊಡಲಿಲ್ಲ. ಇಂತಹ ಪ್ರಶ್ನೆ ಈ ಮನೆಗೇ ಮೊದಲ ಬಾರಿ ಬಂದುದಲ್ಲ. ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆ ಜನರಿಗೆ ಬಂದಿದೆ. ಅವರು ಏನು ಮಾಡಿದರು, ಏನನ್ನು ಗಳಿಸಿದರು, ಏನನ್ನು ಕಳೆದುಕೊಂಡರು ಎಂಬುದನ್ನು ತಿಳಿಯದೆ ಉತ್ತರ ಹೇಳುವುದು ಸರಿಯಲ್ಲ ಎನ್ನಿಸಿತು. ಆ ಇತಿಹಾಸವನ್ನೇ ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಕಾಡಿನ ಆಶ್ರಯ

ಸಿದ್ದಿಗಳ ಪೂರ್ವಜರು ಆಫ್ರಿಕದವರು. ಅರಬರ ಹಡಗುಗಳಲ್ಲಿಯೂ ಅನಂತರ ಪೋರ್ಚುಗೀಸರ ಹಡಗುಗಳಲ್ಲಿಯೂ ಅವರನ್ನು ಭಾರತದ ಪಶ್ಚಿಮ ಕರಾವಳಿಗೆ ತರಲಾಯಿತು. ಕೆಲವರು ಸೈನಿಕರಾದರು, ಕೆಲವರು ಅಧಿಕಾರವನ್ನೂ ಪಡೆದರು. ಅಹಮದ್‌ನಗರದ ರಾಜ್ಯವನ್ನು ಮೊಘಲರ ವಿರುದ್ಧ ದೀರ್ಘಕಾಲ ಕಾಯ್ದ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಇಂಥವರಲ್ಲಿ ಪ್ರಸಿದ್ಧನು. ಆದರೆ ಹೆಚ್ಚಿನವರ ಪಾಲಿಗೆ ಬಂದುದು ಮನೆಚಾಕರಿ ಹಾಗೂ ಗುಲಾಮಗಿರಿ.

1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಕಡೆಗಳಿಂದ ಗುಲಾಮರನ್ನು ತರಿಸಿಕೊಂಡರು. ಅವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಘಟ್ಟ ಹತ್ತಿ ಇಂದಿನ ಜೋಯಿಡಾ, ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ದಟ್ಟಕಾಡುಗಳಲ್ಲಿ ನೆಲೆಸಿದರು. ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ಕೊನೆಗಾಣಿಸಿದ್ದು 1869ರಲ್ಲಿ. ಅದಕ್ಕೂ ಬಹಳ ಮೊದಲೇ ಈ ಕಾಡುಗಳು ಅನೇಕರಿಗೆ ಬಿಡುಗಡೆಯ ನೆಲವಾಗಿದ್ದವು.

ಇಂದು ಸಿದ್ದಿಗಳಲ್ಲಿ ಕ್ರೈಸ್ತರು, ಮುಸಲ್ಮಾನರು, ಹಿಂದೂಗಳು ಮೂವರೂ ಇದ್ದಾರೆ. ಹಳಿಯಾಳ, ಮುಂಡಗೋಡ ಕಡೆಗಳಲ್ಲಿ ಕ್ರೈಸ್ತ ಮತ್ತು ಮುಸಲ್ಮಾನ ಸಿದ್ದಿಗಳೂ ಯಲ್ಲಾಪುರ, ಅಂಕೋಲೆಗಳ ಕಡೆ ಹಿಂದೂ ಸಿದ್ದಿಗಳೂ ಹೆಚ್ಚು. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಇವರು ಹಳೆಯ ಕುಟುಂಬಗಳು. ಧರ್ಮ ಬೇರೆಯಾದರೂ ದಮಾಮಿಯ ಡೋಲು ಬಾರಿಸಿದಾಗ ಕುಣಿಯುವ ಕಾಲುಗಳು ಒಂದೇ. 2003ರಲ್ಲಿ ಕೇಂದ್ರ ಸರ್ಕಾರವು ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅವರ ಸಂಖ್ಯೆ 10,000ಕ್ಕೂ ಹೆಚ್ಚು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲೇರಿದವರಲ್ಲಿ ಅವರೇ ಮೊದಲಿಗರು.

ಈ ಇತಿಹಾಸವನ್ನು ನಾವು ನೆನಪಿಡಬೇಕಾದುದು ಒಂದು ಕಾರಣಕ್ಕಾಗಿ. ಒಂದು ಕಾಲದಲ್ಲಿ ಈ ಜನರನ್ನೇ ಸರಕಾಗಿ ಕಡಲು ದಾಟಿಸಲಾಯಿತು. ಬೆಲೆಯನ್ನು ಕಟ್ಟಿದವರು ಬೇರೆಯವರು, ಲಾಭವನ್ನು ಪಡೆದವರು ಬೇರೆಯವರು. ಇಂದು ಅವರ ಕೈಕೆಲಸ ಕಡಲು ದಾಟುವ ಹೊತ್ತು ಬಂದಿದೆ. ಈ ಸಲ ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆಯನ್ನು ಯಾವ ಹಂತದಲ್ಲಿಯೂ ಬಿಡುವಂತಿಲ್ಲ.

ಕವಂದಿ ಹುಟ್ಟುವ ಬಗೆ

ಕವಂದಿಗೆ ಚೌಕಟ್ಟಿಲ್ಲ, ಯಂತ್ರವಿಲ್ಲ, ಮುಂದಾಗಿ ಬರೆದ ನಕ್ಷೆಯೂ ಇಲ್ಲ. ಕೆಳಗೆ ಒಂದು ಸೀರೆಯನ್ನು ಹಾಸಿ, ಮೂಲೆಯೊಂದರಿಂದ ಕೆಲಸವನ್ನು ಆರಂಭಿಸುತ್ತಾರೆ. ಉಟ್ಟು ಸವೆದ ಬಟ್ಟೆಯ ತುಂಡುಗಳ ಅಂಚನ್ನು ಒಳಕ್ಕೆ ಮಡಚಿ, ಒಂದರ ಪಕ್ಕದಲ್ಲೊಂದು, ಕೆಲವೆಡೆ ಒಂದರ ಮೇಲೊಂದು ಇಟ್ಟು, ದಪ್ಪ ದಾರದಿಂದ ಸಣ್ಣ ನೇರ ಹೊಲಿಗೆ ಹಾಕುತ್ತಾ ಅಂಚಿನ ಸುತ್ತ ಬರುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಹೊರಗಿನಿಂದ ಒಳಕ್ಕೆ ಸಾಗಿ ನಡುವಿನಲ್ಲಿ ಕೆಲಸ ಮುಗಿಯುತ್ತದೆ. ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ ಎಂಬುದು ಆ ಕ್ಷಣದ ತೀರ್ಮಾನ. ಕೈಗೆ ಸಿಕ್ಕ ಬಟ್ಟೆ, ಕಣ್ಣಿಗೆ ಕಂಡ ಹೊಂದಾಣಿಕೆ.

ಕೊನೆಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಮಡಚಿ ಮುಕ್ಕೋನದ 'ಫೂಲ'ಗಳನ್ನು, ಅಂದರೆ ಹೂಗಳನ್ನು ಹೊಲಿಯುತ್ತಾರೆ. ಹೂವಿಲ್ಲದ ಕವಂದಿ ಬತ್ತಲೆ ಎಂದು ಅವರ ಭಾವನೆ. ಕಥೋಲಿಕ ಹೆಂಗಸರು ಹೊಲಿದ ಕವಂದಿಗಳಲ್ಲಿ ಶಿಲುಬೆಯ ಆಕೃತಿ ಕಾಣುತ್ತದೆ. ಮುಸಲ್ಮಾನ ಹೆಂಗಸರದರಲ್ಲಿ ಅರ್ಧಚಂದ್ರ. ತೊಟ್ಟಿಲ ಮಗುವಿಗೆ ಸಣ್ಣ ಕವಂದಿ, ಮಕ್ಕಳೊಂದಿಗೆ ಮಲಗುವವರಿಗೆ ದೊಡ್ಡದು. ಚಳಿಗೆ ಅದೇ ಹೊದಿಕೆ, ನೆಲಕ್ಕೆ ಅದೇ ಹಾಸಿಗೆ.

ಗದ್ದೆಯ ಕೆಲಸ, ಕೂಲಿ, ಅಡುಗೆ, ಮಕ್ಕಳು ಎಲ್ಲವನ್ನೂ ನೋಡಿಕೊಂಡು ಬಿಡುವಿನಲ್ಲಿ ಹೊಲಿದರೆ ಒಂದು ದೊಡ್ಡ ಕವಂದಿಗೆ ತನಗೆ ಒಂದು ತಿಂಗಳು ಹಿಡಿಯುತ್ತದೆ ಎಂದು ಆ ತಾಯಿ ನನಗೆ ಹೇಳಿದ್ದರು. ಈಗ ಲೆಕ್ಕ ಮಾಡಿ ನೋಡಿ. ಐವರು ಹೊಲಿದರೆ ತಿಂಗಳಿಗೆ 5. ಅರವತ್ತಕ್ಕೆ ಪೂರ್ತಿ ಒಂದು ವರ್ಷ ಬೇಕು. ನಾಲ್ಕು ತಿಂಗಳಿನಲ್ಲಿ ಮುಗಿಸಬೇಕಾದರೆ ಹದಿನೈದು ಹೆಂಗಸರು ಕೂರಬೇಕು. ಅಂದರೆ ಮನೆಯ ಪ್ರಶ್ನೆ ಅಷ್ಟಕ್ಕೇ ಕೇರಿಯ ಪ್ರಶ್ನೆಯಾಗುತ್ತದೆ. ಉಳಿದ ಹತ್ತು ಜನರಿಗೆ ಕೂಲಿ ಕೊಡುವವರು ಯಾರು? ಹೊಸ ಬಟ್ಟೆಗೆ ಮುಂಗಡ ಯಾರದು? ಸರಕು ತಿರಸ್ಕೃತವಾದರೆ ನಷ್ಟ ಯಾರ ತಲೆಗೆ? ಮಧ್ಯವರ್ತಿಯ ಕಾಗದದಲ್ಲಿ ಈ ಮೂರಕ್ಕೂ ಉತ್ತರವಿರಲಿಲ್ಲ.

ಕವಂದಿ ಈಗಾಗಲೇ ಕಡಲು ದಾಟಿದೆ

ಕವಂದಿ ಹೊರದೇಶಕ್ಕೆ ಹೋಗುವುದು ಹೊಸತೇನಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಆಫ್ರಿಕದ ಕಲೆಯ ಜಾಡನ್ನು ಹಿಡಿದು 2000ದ ದಶಕದಲ್ಲಿ ಉತ್ತರ ಕನ್ನಡಕ್ಕೆ ಬಂದರು. ಸಿದ್ದಿ ಹೆಂಗಸರ ಕೈಕೆಲಸವನ್ನು ಕಂಡು ಬೆರಗಾದ ಅವರ ಬೆಂಬಲದಿಂದ ಕವಂದಿ ಹೊಲಿಯುವ ಹೆಂಗಸರ ಸಹಕಾರ ಕೂಟವೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿಗಳ ಕವಂದಿಗಳ ಪ್ರದರ್ಶನ ನಡೆಯಿತು. ಕರಿಯ ಜನರ ಇತಿಹಾಸವನ್ನು ಸಂಗ್ರಹಿಸಿಡುವ ಪ್ರಸಿದ್ಧ ಸಂಸ್ಥೆ ಅದು. ಹಳಿಯಾಳ, ಯಲ್ಲಾಪುರಗಳ ಕಡೆಯ ಗುಡಿಸಲುಗಳಲ್ಲಿ ನೆಲಕ್ಕೆ ಹಾಸುತ್ತಿದ್ದ ಕವಂದಿಗಳು ಅಲ್ಲಿ ಗೋಡೆಯ ಮೇಲೆ ತೂಗಿದವು.

ಇದರಿಂದ ಒಂದು ದೊಡ್ಡ ಉಪಕಾರವಾಯಿತು. ತಮ್ಮ ಕೆಲಸವನ್ನು ಚಿಂದಿ ಬಟ್ಟೆಯ ಕೆಲಸವೆಂದು ತಾವೇ ಎಣಿಸಿಕೊಂಡಿದ್ದ ಹೆಂಗಸರಿಗೆ ಅದು ಕಲೆಯೆಂದು ತಿಳಿಯಿತು. ಆದರೆ ಪ್ರದರ್ಶನ ಬೇರೆ, ವ್ಯಾಪಾರ ಬೇರೆ. ಪ್ರದರ್ಶನಕ್ಕೆ ಒಂದೊಂದು ಕವಂದಿಯೂ ಬೇರೆಯಾಗಿದ್ದಷ್ಟು ಒಳ್ಳೆಯದು. ದೊಡ್ಡ ಅಂಗಡಿಗೆ ಎಲ್ಲವೂ ಒಂದೇ ಆಗಿದ್ದಷ್ಟು ಒಳ್ಳೆಯದು. ಈ ಎರಡರ ನಡುವಿನ ಕಂದಕಕ್ಕೆ ಬಿದ್ದವರ ಕಥೆಯನ್ನು ತಿಳಿಯಲು ನಾವು ಅಮೆರಿಕದ ಅಲಬಾಮಾ ರಾಜ್ಯಕ್ಕೆ ಹೋಗಬೇಕು.

ಅಲಬಾಮದ ಅಕ್ಕತಂಗಿಯರು

ಅಲಬಾಮಾ ನದಿಯ ತಿರುವಿನಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿನ ಜನರು ಹತ್ತಿಯ ತೋಟಗಳಲ್ಲಿ ದುಡಿದ ಆಫ್ರಿಕನ್ ಗುಲಾಮರ ವಂಶದವರು. ತೋಟದ ಒಡೆಯನ ಪೆಟ್‌ವೇ ಎಂಬ ಹೆಸರನ್ನೇ ಅವರಲ್ಲಿ ಅನೇಕರು ಇಂದಿಗೂ ಹೊತ್ತಿದ್ದಾರೆ. ಅಲ್ಲಿನ ಹೆಂಗಸರೂ ಸವೆದ ಕೆಲಸದ ಬಟ್ಟೆಗಳನ್ನು ಕತ್ತರಿಸಿ, ಮನಸ್ಸಿಗೆ ಬಂದಂತೆ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಅರಿಯದೆಯೇ ಅವರೂ ನಮ್ಮ ಸಿದ್ದಿ ಹೆಂಗಸರೂ ಒಂದೇ ಬಗೆಯ ಕೆಲಸವನ್ನು ಮಾಡುತ್ತಿದ್ದರು ಎನ್ನಬಹುದು.

1965ರ ಕೊನೆಯಲ್ಲಿ ಫ್ರಾನ್ಸಿಸ್ ವಾಲ್ಟರ್ ಎಂಬ ಎಪಿಸ್ಕೋಪಲ್ ಸಭೆಯ ಪಾದ್ರಿಯವರು ಆ ದಾರಿಯಲ್ಲಿ ಹೋಗುವಾಗ ಹಗ್ಗದ ಮೇಲೆ ಒಣಗಲು ಹಾಕಿದ್ದ ಕೌದಿಗಳನ್ನು ಕಂಡರು. ಆಗ ಕರಿಯ ಜನರು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಕಾಲ. ಹೆಸರು ನೋಂದಾಯಿಸಲು ಹೋದವರು ಕೆಲಸವನ್ನೂ ಮನೆಯನ್ನೂ ಕಳೆದುಕೊಳ್ಳುತ್ತಿದ್ದರು. 1966ರಲ್ಲಿ ಆ ಪಾದ್ರಿಯವರೂ ಹೆಂಗಸರೂ ಸೇರಿ 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರಿ ಸಂಘವನ್ನು ಕಟ್ಟಿದರು. ಕೌದಿಗಳು ನ್ಯೂಯಾರ್ಕಿನಲ್ಲಿ ಹರಾಜಾದವು. ದೊಡ್ಡ ಅಂಗಡಿಗಳಿಂದ ಬೇಡಿಕೆ ಬಂತು. 1972ರಲ್ಲಿ ಸಿಯರ್ಸ್ ಎಂಬ ಕಂಪನಿಗಾಗಿ ಕಾರ್ಡುರಾಯ್ ಬಟ್ಟೆಯ ದಿಂಬಿನ ಚೀಲಗಳನ್ನು ಹೊಲಿಯುವ ಗುತ್ತಿಗೆ ದೊರೆಯಿತು.

ಹಣ ಬಂತು. ಎಷ್ಟೋ ಮನೆಗಳಲ್ಲಿ ಹೆಂಗಸರು ಮೊದಲ ಬಾರಿಗೆ ತಮ್ಮ ಸ್ವಂತ ಸಂಪಾದನೆಯನ್ನು ಕಂಡರು. ಆದರೆ ಅಂಗಡಿಗಳಿಗೆ ಬೇಕಾದುದು ಅಳತೆ ತಪ್ಪದ, ನಮೂನೆ ತಪ್ಪದ ಸರಕು. ಮನಸ್ಸಿಗೆ ಬಂದಂತೆ ಜೋಡಿಸುವ ಪದ್ಧತಿಯನ್ನು ಸಂಘದ ಬಾಗಿಲಲ್ಲಿ ಬಿಟ್ಟು ಬರಬೇಕಾಯಿತು. ಹಳೆಯ ಬಗೆಯ ಕೌದಿಯನ್ನು ಅವರು ಮನೆಯಲ್ಲಿ, ತಮಗಾಗಿ ಮಾತ್ರ ಹೊಲಿದರು. ಸಂಘ ಕುಂದುತ್ತಾ ಬಂದು 2012ರಲ್ಲಿ ಮುಚ್ಚಿತು.

ಇಲ್ಲಿಯ ವಿಚಿತ್ರವನ್ನು ಗಮನಿಸಿ. ಜಗತ್ತು ಮುಂದೆ ತಲೆಬಾಗಿದ್ದು ಅಂಗಡಿಗಾಗಿ ಹೊಲಿದ ಸರಕಿಗಲ್ಲ, ಮನೆಯಲ್ಲಿ ಉಳಿದ ಆ ಕೌದಿಗಳಿಗೆ. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ, ಅನಂತರ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಅವು ಪ್ರದರ್ಶನಗೊಂಡವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಕೀರ್ತಿಯ ಹಿಂದೆಯೇ ವಿವಾದವೂ ಬಂತು. ನಮೂನೆಗಳ ಹಕ್ಕು ಯಾರದು, ಅವುಗಳಿಂದ ಬಂದ ಹಣದಲ್ಲಿ ಹೊಲಿದವರ ಪಾಲೆಷ್ಟು ಎಂದು 2007ರಲ್ಲಿ ಕೆಲವು ಹೆಂಗಸರು ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. 2021ರಿಂದೀಚೆಗೆ ಅಲ್ಲಿನ ಅನೇಕ ಹೆಂಗಸರು ಅಂತರ್ಜಾಲದಲ್ಲಿ ತಮ್ಮ ತಮ್ಮ ಹೆಸರಿನಲ್ಲೇ ಅಂಗಡಿಗಳನ್ನು ತೆರೆದು, ತಾವೇ ಬೆಲೆ ಇಟ್ಟು, ಒಂದೊಂದೇ ಕೌದಿಯನ್ನು ಮಾರುತ್ತಿದ್ದಾರೆ. ಅಲ್ಲಿಗೆ ಮುಟ್ಟಲು ಅವರಿಗೆ 55 ವರ್ಷಗಳು ಬೇಕಾದವು.

ಮುಂಡಗೋಡದ ನೆರೆಹೊರೆ

ಇನ್ನೊಂದು ಪಾಠ ನಮ್ಮ ನೆರೆಯಲ್ಲಿಯೇ ಇದೆ. 1959ರ ಅನಂತರ ಟಿಬೆಟ್ಟನ್ನು ತೊರೆದು ಬಂದ ನಿರಾಶ್ರಿತರಿಗೆ ಆಗಿನ ಮೈಸೂರು ರಾಜ್ಯ ಎಸ್. ನಿಜಲಿಂಗಪ್ಪನವರ ಮುಖ್ಯಮಂತ್ರಿತ್ವದಲ್ಲಿ ಭೂಮಿಯನ್ನು ನೀಡಿತು. 1966ರಲ್ಲಿ ಮುಂಡಗೋಡದಲ್ಲಿ ಡೋಗುಲಿಂಗ್ ವಸಾಹತು ಆರಂಭವಾಯಿತು. ಕಾಡು ಕಡಿದು ಜೋಳ ಬಿತ್ತುವುದನ್ನು ಕಲಿತ ಆ ಜನರು ತಮ್ಮೊಂದಿಗೆ ತಂದ ವಿದ್ಯೆಗಳಲ್ಲಿ ರತ್ನಗಂಬಳಿಯ ನೇಯ್ಗೆಯೂ ಒಂದು. ಮಗ್ಗದ ಮೇಲೆ ಅಡ್ಡಲಾಗಿ ಒಂದು ಕಡ್ಡಿಯನ್ನು ಹಿಡಿದು, ಉಣ್ಣೆಯ ನೂಲನ್ನು ಅದರ ಸುತ್ತ ಸುತ್ತುತ್ತಾ ಹೋಗಿ, ಸಾಲು ಮುಗಿದ ಮೇಲೆ ಕತ್ತರಿಸುವುದು ಅವರ ವಿಶೇಷ ಕ್ರಮ. ಇತರ ವಸಾಹತುಗಳಂತೆ ಮುಂಡಗೋಡದಲ್ಲಿಯೂ ಇದಕ್ಕಾಗಿ ಕರಕುಶಲ ಕೇಂದ್ರ ನಡೆಯಿತು.

ಇದೇ ವಿದ್ಯೆ ನೇಪಾಳದಲ್ಲಿ ಬೇರೊಂದು ದಾರಿಯನ್ನು ಹಿಡಿಯಿತು. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಕಠ್ಮಂಡು ಬಳಿಯ ಜಾವಲಾಖೇಲ್‌ನಲ್ಲಿ ಟಿಬೆಟ್ ನಿರಾಶ್ರಿತರಿಗಾಗಿ ಕಂಬಳಿಯ ಕೇಂದ್ರ ಆರಂಭವಾಯಿತು. ಯೂರೋಪಿಗೆ ರಫ್ತು ಸಣ್ಣದಾಗಿ ಶುರುವಾಗಿ, 1980ರ ದಶಕದಲ್ಲಿ ಮಹಾಪೂರವಾಯಿತು. ಮುಖ್ಯ ಮಾರುಕಟ್ಟೆ ಜರ್ಮನಿ. ನಿರಾಶ್ರಿತರ ಮನೆಯ ಮಗ್ಗಗಳ ಸ್ಥಾನದಲ್ಲಿ ಸಾಲು ಸಾಲು ಕಾರ್ಖಾನೆಗಳು ಎದ್ದವು. ಹಳ್ಳಿಗಳಿಂದ ಮಕ್ಕಳನ್ನೂ ತಂದು ಮಗ್ಗದ ಮುಂದೆ ಕೂರಿಸಲಾಯಿತು. 1994ರಲ್ಲಿ ಜರ್ಮನಿಯ ದೂರದರ್ಶನದಲ್ಲಿ ಆ ಮಕ್ಕಳ ದುಡಿಮೆಯ ಚಿತ್ರಣ ಪ್ರಸಾರವಾದಾಗ ಬೇಡಿಕೆ ಕುಸಿಯಿತು. ದುಡಿಯುತ್ತಿದ್ದ ಸಾವಿರಾರು ಜನರು ಕೆಲಸವನ್ನು ಕಳೆದುಕೊಂಡರು. ಮಕ್ಕಳು ನೇಯದ ಕಂಬಳಿ ಎಂಬ ಗುರುತುಚೀಟಿ ನೀಡುವ 'ರಗ್‌ಮಾರ್ಕ್' ಸಂಸ್ಥೆ ಕೈಲಾಶ್ ಸತ್ಯಾರ್ಥಿಯವರ ಪ್ರಯತ್ನದಿಂದ ಹುಟ್ಟಿದ್ದು ಅದೇ ವರ್ಷ.

ಇಲ್ಲಿ ತಪ್ಪು ರಫ್ತಿನದಲ್ಲ. ಕೈಗಳ ಶಕ್ತಿಗಿಂತ ಬೇಡಿಕೆ ವೇಗವಾಗಿ ಬೆಳೆದಾಗ, ಆ ಅಂತರವನ್ನು ತುಂಬಲು ಯಾರನ್ನೋ ಬಲಿಗೊಡಲಾಯಿತು. ನಾಲ್ಕು ತಿಂಗಳಿನಲ್ಲಿ ಅರವತ್ತು ಕವಂದಿ ಬೇಕು ಎಂದಾಗ ಆ ಮನೆಯ ಶಾಲೆಗೆ ಹೋಗುವ ಹುಡುಗಿಯರು ಸೂಜಿ ಹಿಡಿದು ಕೂರುವ ದಿನ ಬಹಳ ದೂರವಿರುವುದಿಲ್ಲ.

ಬೇಡವೆನ್ನುವವರ ಮಾತು

ಹಾಗಾದರೆ ಕವಂದಿಯನ್ನು ಮಾರುವುದೇ ಬೇಡ, ಅದು ಮನೆಯ ಮಮತೆಯ ವಸ್ತು, ಮಾರಾಟಕ್ಕೆ ಇಟ್ಟರೆ ಕೆಡುತ್ತದೆ ಎನ್ನುವ ಸಜ್ಜನರಿದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತೇನೆ, ಮಾತನ್ನು ಒಪ್ಪಲಾರೆ. ಹೊಟ್ಟೆ ತುಂಬಿದವರು ಪರಂಪರೆಯ ಶುದ್ಧಿಯನ್ನು ಕುರಿತು ಮಾತನಾಡುವುದು ಸುಲಭ. ಸಿದ್ದಿ ಮನೆಗಳ ಹೆಣ್ಣುಮಕ್ಕಳು ಗೋವೆಯಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಮನೆಗೆಲಸಕ್ಕೆ ಸೇರಿದರೆ ಸೂಜಿ ಹಿಡಿಯಲು ಊರಿನಲ್ಲಿ ಉಳಿಯುವವರು ಯಾರು? ಕೈಗೆ ಕೂಲಿ ಸಿಗದ ವಿದ್ಯೆ ಎಷ್ಟೇ ಪವಿತ್ರವಾದರೂ ಮೂರನೆಯ ತಲೆಮಾರಿಗೆ ಉಳಿಯುವುದಿಲ್ಲ. ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಹೊಗಳಿಕೆಗೆ ಪಾತ್ರಳಾದ ಗೃಹಿಣಿ ಮನೆಗೆ ಹೊದಿಕೆಯನ್ನೂ ನೇಯುತ್ತಾಳೆ, ವರ್ತಕರಿಗೆ ಬಟ್ಟೆಯನ್ನೂ ಮಾರುತ್ತಾಳೆ. ಒಂದು ಪವಿತ್ರ, ಇನ್ನೊಂದು ಲೌಕಿಕ ಎಂದು ಆ ಗ್ರಂಥ ಬೇರ್ಪಡಿಸಿಲ್ಲ.

ಆದರೆ ಒಂದೇ ಆಸರೆಯನ್ನು ನಂಬುವ ಅಪಾಯವೂ ನಮ್ಮ ಈ ಭಾಗಕ್ಕೆ ಚೆನ್ನಾಗಿ ಗೊತ್ತು. ದಾಂಡೇಲಿಯ ಪ್ಲೈವುಡ್ ಕಾರ್ಖಾನೆ ಮತ್ತು ಫೆರೋ ಅಲಾಯ್ಸ್ ಕಾರ್ಖಾನೆಗಳ ಸೈರನ್ ನಿಂತಾಗ ಎಷ್ಟು ಮನೆಗಳ ಒಲೆ ತಣ್ಣಗಾಯಿತು ಎಂಬುದನ್ನು ಹಿರಿಯರು ಬಲ್ಲರು. ಹೊರದೇಶದ ಬೇಡಿಕೆ ಇನ್ನೂ ದೂರದ ಆಸರೆ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಅನೇಕ ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ತಿರುಪ್ಪೂರಿನ ಬಟ್ಟೆ ಕಾರ್ಖಾನೆಗಳಿಂದ ಹಿಡಿದು ಸಣ್ಣ ಕೈಕಸುಬುದಾರರವರೆಗೆ ಎಲ್ಲರಿಗೂ ಅದರ ಬಿಸಿ ತಟ್ಟಿತು. ವಾಷಿಂಗ್ಟನ್ನಿನಲ್ಲಿ ಹಾಕಿದ ಒಂದು ಸಹಿ ಹಳಿಯಾಳದ ಮನೆಯ ಅಕ್ಕಿಯ ಡಬ್ಬಿಗೆ ಮುಟ್ಟಬಲ್ಲದು.

ತೂಗಿ ನೋಡಬೇಕಾದುದು

ಈ ಇತಿಹಾಸದ ಬೆಳಕಿನಲ್ಲಿ ನನಗೆ ಕಂಡ ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮ ಮನೆಯ ಕಸುಬು ಕವಂದಿಯೇ ಆಗಬೇಕಿಲ್ಲ. ಬಿದಿರಿನ ಬುಟ್ಟಿಯಿರಲಿ, ಉಪ್ಪಿನಕಾಯಿಯಿರಲಿ, ಮರಗೆಲಸವಿರಲಿ, ಲೆಕ್ಕ ಒಂದೇ.

ಮೊದಲನೆಯದು, ಕೈಗಳನ್ನು ಎಣಿಸಿ ಆಮೇಲೆ ಒಪ್ಪಿಕೊಳ್ಳಬೇಕು. ಬೇಡಿಕೆ ಎಷ್ಟು ಎಂಬುದರಿಂದ ಆರಂಭಿಸದೆ, ಮಕ್ಕಳ ಓದು, ಹೊಲದ ಕೆಲಸ, ಭಾನುವಾರದ ವಿಶ್ರಾಂತಿ ಕೆಡದಂತೆ ನಾವು ವರ್ಷಕ್ಕೆ ಎಷ್ಟು ಮಾಡಬಲ್ಲೆವು ಎಂಬುದರಿಂದ ಆರಂಭಿಸಬೇಕು. ದುಡಿಮೆ ಮನುಷ್ಯನ ಸೇವೆಗಾಗಿ ಇದೆಯೇ ಹೊರತು ಮನುಷ್ಯನು ದುಡಿಮೆಯ ಸೇವೆಗಾಗಿ ಇಲ್ಲವೆಂಬುದು ಪೋಪ್ ದ್ವಿತೀಯ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ಎತ್ತಿಹಿಡಿದ ತತ್ವ.

ಎರಡನೆಯದು, ಬೆಲೆಯಲ್ಲಿ ದಿನಗಳನ್ನು ಸೇರಿಸಬೇಕು. ಹಳೆಯ ಬಟ್ಟೆ ಪುಕ್ಕಟೆ, ದಾರದ ಖರ್ಚು ಇಷ್ಟೇ ಎಂದು ನಮ್ಮ ಹೆಂಗಸರು ಲೆಕ್ಕ ಹಾಕುತ್ತಾರೆ. ಹಿಡಿದ ದಿನಗಳನ್ನು ಎಣಿಸಿ, ಗದ್ದೆಯ ಕೂಲಿಯ ದರದಿಂದ ಗುಣಿಸಿದಾಗ ಬರುವ ಮೊತ್ತಕ್ಕಿಂತ ಕಡಿಮೆಗೆ ಮಾರಿದರೆ ಅದು ವ್ಯಾಪಾರವಲ್ಲ, ದಾನ. ಅದೂ ಬಡವರು ಸಿರಿವಂತರಿಗೆ ಕೊಡುವ ದಾನ.

ಮೂರನೆಯದು, ಹೆಸರು ಸರಕಿನ ಜೊತೆಗೇ ಹೋಗಬೇಕು. ಹೊಲಿದವಳ ಹೆಸರು, ಊರು, ಸಮುದಾಯ ಇವು ಕವಂದಿಯ ಮೂಲೆಯಲ್ಲಿರಬೇಕು. 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆ ಒಂದು ಪ್ರದೇಶದ ಕಸುಬಿನ ಹೆಸರಿಗೆ ರಕ್ಷಣೆಯನ್ನು ಕೊಡುತ್ತದೆ. ನಮ್ಮ ರಾಜ್ಯದಲ್ಲಿಯೇ ಸಂಡೂರಿನ ಲಂಬಾಣಿ ಕಸೂತಿಗೆ, ಚನ್ನಪಟ್ಟಣದ ಬೊಂಬೆಗಳಿಗೆ ಆ ಮಾನ್ಯತೆ ಸಿಕ್ಕಿದೆ. ಅದು ಒಂದು ಮನೆಗೆ ಸಿಗುವುದಲ್ಲ, ಸಮುದಾಯ ಒಟ್ಟಾಗಿ ಪಡೆಯುವುದು. ಗೀಸ್ ಬೆಂಡಿನ ಹೆಂಗಸರು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಕಲಿತುದನ್ನು ನಾವು ಮೊದಲೇ ಕಲಿಯಬಹುದು.

ನಾಲ್ಕನೆಯದು, ದಾರಿಯನ್ನು ನಾವೇ ತಿಳಿದಿರಬೇಕು. ರಫ್ತು ಮಾಡಲು ಬೇಕಾದ ಆಮದು-ರಫ್ತು ಸಂಕೇತ ಸಂಖ್ಯೆಯನ್ನು ಒಬ್ಬ ವ್ಯಕ್ತಿಯೂ ಪಡೆಯಬಹುದು, ಸಂಘವೂ ಪಡೆಯಬಹುದು. ಸಣ್ಣ ಕಸುಬುದಾರರು ಅಂಚೆಯ ಮೂಲಕವೇ ಸರಕು ಕಳುಹಿಸಲು ಅನುಕೂಲವಾಗುವಂತೆ ಅಂಚೆ ಇಲಾಖೆ 2022ರಿಂದ ರಫ್ತು ಕೇಂದ್ರಗಳನ್ನು ತೆರೆದಿದೆ. ಮಧ್ಯವರ್ತಿ ಬೇಡವೆಂದಲ್ಲ, ಅವನಿಲ್ಲದೆಯೂ ನಡೆಯಬಲ್ಲೆವು ಎಂಬುದು ಗೊತ್ತಿದ್ದಾಗ ಮಾತ್ರ ಅವನೊಂದಿಗೆ ಸಮನಾಗಿ ಮಾತನಾಡಬಹುದು.

ಐದನೆಯದು, ಎಲ್ಲವನ್ನೂ ಒಂದೇ ಹಡಗಿಗೆ ಹಾಕಬಾರದು. ಹುಬ್ಬಳ್ಳಿ, ಬೆಂಗಳೂರು, ಗೋವೆಗಳಲ್ಲಿಯೂ ಕೊಳ್ಳುವವರಿದ್ದಾರೆ. ದಾಂಡೇಲಿ, ಜೋಯಿಡಾಗಳಿಗೆ ಕಾಡು ನೋಡಲು, ಕಾಳಿ ನದಿಯನ್ನು ನೋಡಲು ಬರುವ ಪ್ರವಾಸಿಗರಿದ್ದಾರೆ. ಹೊರದೇಶದ ಬೇಡಿಕೆ ನಿಂತರೂ ಮನೆ ನಡೆಯುವಷ್ಟು ಮಾರಾಟ ಹತ್ತಿರದಲ್ಲಿ ಇದ್ದಾಗ ಮಾತ್ರ ದೂರಕ್ಕೆ ಕೈ ಚಾಚಬೇಕು.

ಆ ಮನೆಯ ತೀರ್ಮಾನ

ನಾನು ಮತ್ತೆ ಆ ಮನೆಗೆ ಹೋದಾಗ ಇವನ್ನೆಲ್ಲ ಹೇಳಿದೆ. ತಾಯಿ, ಮಗಳು, ಸೊಸೆ, ಚಿಕ್ಕಮ್ಮಂದಿರು ಕುಳಿತು ಬಹಳ ಹೊತ್ತು ಮಾತನಾಡಿದರು, ಜಗಳವೂ ಆಯಿತು. ಕೊನೆಗೆ ಮಗಳೇ ಉತ್ತರ ಬರೆದಳು: ವರ್ಷಕ್ಕೆ ಇಪ್ಪತ್ತು ಕವಂದಿ ಕೊಡುತ್ತೇವೆ, ಒಂದರಂತೆ ಇನ್ನೊಂದು ಇರುವುದಿಲ್ಲ, ಉಟ್ಟ ಬಟ್ಟೆಯನ್ನು ತೊಳೆದು ಬಳಸುತ್ತೇವೆ, ಬೆಲೆ ಇಷ್ಟು, ಅರ್ಧ ಹಣ ಮುಂಗಡ. ಎಷ್ಟೋ ವಾರ ಉತ್ತರ ಬರಲಿಲ್ಲ. ಬಂದಾಗ ಅಂಗಡಿಯವರು ಹನ್ನೆರಡಕ್ಕೆ ಒಪ್ಪಿದ್ದರು.

ಅರವತ್ತು ಹನ್ನೆರಡಾಯಿತು. ನರ್ಸಿಂಗ್ ಶುಲ್ಕಕ್ಕೆ ಆ ಹಣ ಸಾಲಲಿಲ್ಲ. ಮಗಳು ಒಂದು ವರ್ಷ ತಡವಾಗಿ ಸೇರಬೇಕಾಯಿತು. "ರೊಕ್ಕ ಕಮ್ಮಿ ಆತು, ಫಾದರ್" ಎಂದು ಅವಳು ನೇರವಾಗಿಯೇ ಹೇಳಿದಳು. ನಾನು ಅದಕ್ಕೆ ಸಮಾಧಾನದ ಮಾತನ್ನು ಹುಡುಕಲಿಲ್ಲ. ಒಂದು ಸರಿಯಾದ ತೀರ್ಮಾನಕ್ಕೂ ಬೆಲೆಯಿರುತ್ತದೆ, ಆ ಬೆಲೆಯನ್ನು ತೆತ್ತವಳು ಅವಳು ಎಂಬುದನ್ನು ನಾವು ಮರೆಯಬಾರದು. ಮುಂಗಡದ ಹಣ ಬ್ಯಾಂಕಿನಲ್ಲಿ ಅವಳ ಹೆಸರಿನಲ್ಲಿಯೇ ಇದೆ.

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪದ ತಬಿಥಳ ಪ್ರಸಂಗವಿದೆ. ಅವಳು ತೀರಿಕೊಂಡಾಗ ವಿಧವೆಯರು ಸಂತ ಪೇತ್ರನ ಸುತ್ತ ನಿಂತು, ಅವಳು ತಮ್ಮೊಂದಿಗಿದ್ದಾಗ ಹೊಲಿದುಕೊಟ್ಟ ಬಟ್ಟೆಗಳನ್ನು ತೋರಿಸುತ್ತಾ ಅತ್ತರು. ಅವಳು ಎಂಥವಳು ಎಂದು ತಿಳಿಸಲು ಅವರಿಗೆ ಬೇರೆ ಮಾತು ಬೇಕಾಗಲಿಲ್ಲ. ಕೈಕೆಲಸದ ನಿಜವಾದ ಗುರುತು ಇದೇ: ಅದನ್ನು ಹಿಡಿದವರಿಗೆ ಮಾಡಿದವರು ಕಾಣಬೇಕು. ನಿಮ್ಮ ಮನೆಯ ಕಸುಬು ಕಡಲಾಚೆಯ ಯಾವುದೋ ಮನೆಗೆ ಹೋದಾಗಲೂ ಅದರಲ್ಲಿ ನೀವು ಕಾಣುವುದಾದರೆ ಧೈರ್ಯವಾಗಿ ಕಳುಹಿಸಿ. ಕಾಣುವುದಿಲ್ಲವೆಂದಾದರೆ ಇನ್ನೊಮ್ಮೆ ಕುಳಿತು ಲೆಕ್ಕ ಹಾಕಿ.

ಕಳೆದ ಬಾರಿ ನಾನು ಹೋದಾಗ ಆ ತಾಯಿ ಅಂಗಳದಲ್ಲಿ ಕುಳಿತು ಹೊಲಿಯುತ್ತಿದ್ದರು. ಅಂಗಡಿಗೆ ಕಳುಹಿಸುವ ಕವಂದಿಯೇ ಎಂದು ಕೇಳಿದೆ. ಅಲ್ಲವೆಂದು ತಲೆಯಾಡಿಸಿದರು. ಸೊಸೆಗೆ ಏಳು ತಿಂಗಳು ತುಂಬಿತ್ತು, ಇದು ತೊಟ್ಟಿಲಿನದು. ಮೂರು ಮೂಲೆಗಳ ಹೂವು ಮುಗಿದಿತ್ತು, ನಾಲ್ಕನೆಯದಕ್ಕೆ ಮಗಳ ಹಳೆಯ ಶಾಲೆಯ ಸಮವಸ್ತ್ರದಿಂದ ಒಂದು ತುಂಡನ್ನು ಅವರು ಕತ್ತರಿಸುತ್ತಿದ್ದರು.